ಉರಿಯಂಕ ಮೂವತ್ತೊಂದು

ಗದಗ, ೩೨ ಫೆಬ್ರುವರಿ ೨೩೯೧

ಮುನ್ನೂರೈವತ್ತು ವರ್ಷಕ್ಕೂ ಹಿಂದಿನ ಹಿರಿಯರಿಗೆ ಅಡಿವೆಪ್ಪನ ನಮಸ್ಕಾರ. ತಾರೀಖು ತಪ್ಪಲ್ಲ, ಫೆಬ್ರುವರಿಗೆ ಈಗ ಮೂವತ್ತೆರಡು ದಿನ. ಕೆಲವು ಪದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ.

ನಮ್ಮಲ್ಲಿ ಮದುವೆಗೆ ಜಾತಕ ನೋಡುವುದಿಲ್ಲ, ಉರಿಯಂಕ ನೋಡುತ್ತಾರೆ. ವಸಡು ಊದಿಕೊಂಡಾಗ ರಕ್ತದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚುತ್ತವೆ. ಅವನ್ನೆಲ್ಲ ಅಳೆದು ಒಂದೇ ಸಂಖ್ಯೆಯಲ್ಲಿ ಹೇಳುವುದೇ ಉರಿಯಂಕ. ಹೆಣ್ಣಿನ ಮನೆಯಂಗಳದಲ್ಲಿ ಯಂತ್ರಕ್ಕೆ ಬೆರಳಿನ ಒಂದು ಹನಿ ರಕ್ತ ಕೊಡಬೇಕು; ಅದು ಓಣಿಗೆಲ್ಲ ಕೇಳುವಂತೆ ಅಂಕ ಕೂಗುತ್ತದೆ. ಹತ್ತರೊಳಗಿದ್ದರೆ ಮಾತುಕತೆ. ಮೀರಿದರೆ ಚಹಾ ಕುಡಿಸಿ ಕಳಿಸುತ್ತಾರೆ.

ನನಗೆ ಐವತ್ತನಾಲ್ಕು. ಶೇಂಗಾ ಚಿಕ್ಕಿ ಮಾಡುವವನು; ಪ್ರತಿ ಪಾಕದ ರುಚಿ ನೋಡಿ ನೋಡಿ ವಸಡು ಕೆಟ್ಟಿತ್ತು. ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಶಿವಲೀಲಾ ನನ್ನನ್ನು ಒಪ್ಪಿದ್ದರು, ಅಂಕವೊಂದೇ ಬಾಕಿ. ದಂತವೈದ್ಯರ ಬಳಿ ನೋಡಿಸಿದಾಗ ಅದು ಹದಿನಾಲ್ಕಿತ್ತು. ಹೆಣ್ಣಿನ ಮನೆಗೆ ಹೋಗುವ ಎರಡು ತಿಂಗಳ ಮೊದಲೇ ಹಲ್ಲು ಕ್ಲೀನ್ ಮಾಡಿಸಲು ಅವರು ಬರಹೇಳಿದ್ದರು. ನಾನು ಹೋದದ್ದು ಹಿಂದಿನ ದಿನ. ಹಬ್ಬದ ಮುನ್ನಾದಿನವೇ ಮನೆ ಸಾರಿಸುವುದಲ್ಲವೇ ಎಂದುಕೊಂಡಿದ್ದೆ. ಹಲ್ಲಿನ ಬುಡದಲ್ಲಿ ಗಟ್ಟಿಕಟ್ಟಿದ್ದ ಕೊಳೆಯನ್ನೆಲ್ಲ ಕೆರೆಸಿಕೊಂಡು, ಕನ್ನಡಿಗೆ ನಕ್ಕು ತೋರಿಸಿ ಹೊರಟೆ.

ಮರುದಿನ ಶಿವಲೀಲಾರ ಅಂಗಳದಲ್ಲಿ ಯಂತ್ರ ಕೂಗಿತು: "ಮೂವತ್ತೊಂದು!"

ನನ್ನ ಜೊತೆ ಬಂದಿದ್ದ ಅಕ್ಕ ನೀಲವ್ವ ಹಣೆ ಬಡಿದುಕೊಂಡಳು. "ಬಾಯಾಗ ಒಲಿ ಹಚ್ಕೊಂಡು ಹೆಣ್ಣು ಕೇಳಾಕ ಬಂದಿಯೇನೋ!"

ಶಿವಲೀಲಾರ ಅಣ್ಣ ಚಹಾ ತರಲು ಎದ್ದರು.

"ತಡಿ ಅಣ್ಣಾ," ಎಂದರು ಶಿವಲೀಲಾ. ನನ್ನ ಕಡೆ ತಿರುಗಿದರು. "ಹಲ್ಲು ಯಾವಾಗ ಕ್ಲೀನ್ ಮಾಡಿಸಿದ್ರಿ?"

"ನಿನ್ನಿ ಸಂಜಿಗೆ."

"ಹೌದ? ಆಳಕ್ಕ ಕೆರದ ಮರುದಿನ ಅಂಕ ಏರತೈತ್ರಿ. ಆಮ್ಯಾಲೆ ವಾರ ವಾರ ಇಳೀತೈತಿ. ಎರಡು ತಿಂಗಳು ಬಿಟ್ಟು ಬರ್ರಿ. ದಿನಾ ಹಲ್ಲಿನ ಸಂದಿಗೆ ದಾರ ಹಾಕ್ರಿ. ಚಿಕ್ಕಿ ರುಚಿ ನಿಮ್ಮ ಅಕ್ಕಾರು ನೋಡ್ಲಿ."

"ನನಗಿರೋದು ನಾಕು ಹಲ್ಲವ್ವಾ!" ಎಂದಳು ಅಕ್ಕ.

ಎರಡು ತಿಂಗಳು ದಾರ ಹಾಕಿದೆ, ಪಾಕವನ್ನು ಮೂಸಿ ನೋಡಿಯೇ ಇಳಿಸಿದೆ. ನಿನ್ನೆ ಯಂತ್ರ "ಆರು" ಎಂದು ಕೂಗಿತು. ಆದರೂ ಅವರಣ್ಣ ಚಹಾ ತಂದರು. ಕಳಿಸುವ ಚಹಾ ಎಂದುಕೊಂಡು ಎದ್ದು ನಿಂತೆ. ಹಿಂದೆಯೇ ತಟ್ಟೆಯಲ್ಲಿ ಚಿಕ್ಕಿ ಬಂತು, ನಾನೇ ಮಾಡಿದ್ದು. ಮತ್ತೆ ಕೂತೆ.

ಹಿರಿಯರೇ, ಒಂದು ವಿನಂತಿ. ಹಲ್ಲುಜ್ಜುವಾಗ ರಕ್ತ ಕಂಡರೆ ಬ್ರಷ್ಷನ್ನು ಬೈಯಬೇಡಿ, ವೈದ್ಯರ ಬಳಿ ಹೋಗಿ. ಬೀಗರನ್ನು ಕಾಣುವ ಹಿಂದಿನ ದಿನ ಮಾತ್ರ ಬೇಡ. ಮದುವೆ ನಾಳೆ, ಮಾರ್ಚ್ ಸೊನ್ನೆಯಂದು. ನಿಮಗೆ ಬರಲಾಗದು, ಅಲ್ಲಿಂದಲೇ ಬಾಯಿ ಮುಕ್ಕಳಿಸಿ ಹರಸಿ.