ತೆರದ ಮೂರು ಹಸು

ಇಬಾಂಡಾ, ಭಾನುವಾರ

ಮಗಳು ಕೆಂಬಾಬಾಜಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಮದುವೆ ಮಾತುಕತೆಯ ದಿನ ನಾನು ಆಡಿದ್ದನ್ನು ನೀನು ಒಳಗೆ ಕೂತು ಕೇಳಿಸಿಕೊಂಡೆ ಎಂದು ಗೊತ್ತು. “ನಮ್ಮ ಹುಡುಗಿ ಪಿಎಚ್.ಡಿ. ಮಾಡಿದೋಳು, ಹೆಣ್ಣಿಗೆ ಕೊಡೋ ತೆರಕ್ಕೆ ಮೂರು ಹಸು ಜಾಸ್ತಿ ಬೇಕು” ಎಂದೆ. ಹುಡುಗನ ಅಪ್ಪ ಕಾಮುಗಿಶಾ, “ಅಲ್ಲ ಯಜಮಾನ್ರೇ, ಆ ಪಿಎಚ್.ಡಿ. ದಿನಕ್ಕೆ ಎಷ್ಟು ಹಾಲು ಕೊಡುತ್ತೆ?” ಎಂದು ನಗಿಸಿದರು. ಸೋಲಬಾರದೆಂದು, “ಪ್ರೊಫೆಸರ್ ಸಂಬಳ ಕಣ್ರೀ, ನಿಮ್ಮ ದೊಡ್ಡಿಯೆಲ್ಲ ಕರೆದ್ರೂ ಸಮ ಆಗಲ್ಲ” ಎಂದುಬಿಟ್ಟೆ.

ನೀನು ಗಂಟೆ ಲೆಕ್ಕದಲ್ಲಿ ಪಾಠ ಮಾಡುತ್ತೀಯೆಂದೂ ಏಳು ತಿಂಗಳಿಂದ ಆ ಹಣವೂ ಬಂದಿಲ್ಲವೆಂದೂ ನಿನ್ನ ಅಮ್ಮ ಮೊನ್ನೆ ಹೇಳಿದಳು. ನಿನ್ನನ್ನು ಒಂದು ಮಾತೂ ಕೇಳದೆ ಜಂಬ ಕೊಚ್ಚಿದೆನಲ್ಲ ಎಂದು ನಾಚಿಕೆಯಾಯಿತು.

ನನ್ನ ಮಾತಿಗೆ ಅವರು ಜಾಸ್ತಿ ಕೊಟ್ಟಿದ್ದ ಆ ಮೂರು ಹಸುಗಳನ್ನು ನಿನ್ನೆ ಹೊಡೆದುಕೊಂಡು ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಕಾಮುಗಿಶಾ ನನ್ನನ್ನು ಕೂರಿಸಿ, “ನಿಮ್ಮ ಹುಡುಗಿ ಮೊದಲೇ ಎಲ್ಲ ಹೇಳಿದ್ಳು. ನಮ್ಮ ದೊಡ್ಡಪ್ಪ ಏನೇ ಹೇಳಿದ್ರೂ ಜನರೆದುರು ಸುಳ್ಳು ಅನ್ನಬೇಡಿ ಅಂತ ಬೇಡ್ಕೊಂಡ್ಳು” ಎಂದರು.

ಹಸುಗಳನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ನಿನ್ನ ಸಂಬಳ ಬರುವ ತನಕ ಅವುಗಳ ಹಾಲಿನ ಹಣ ನಿನಗೇ ಕಳಿಸುತ್ತೇನೆ. ಬೇಡ ಎನ್ನಬೇಡವಮ್ಮ. ಮದುವೆಯ ದಿನ ನಿನ್ನ ಮುಖ ನೋಡುವ ಧೈರ್ಯ ನನಗೆ ಬೇಕು.

ನಿನ್ನ ದೊಡ್ಡಪ್ಪ,
ಬಾಮ್ವಿನೆ