ಓರೆ ಮಾಡಿದರೂ ಮಗುಚದ ಕಾರು

ಕೊಯಮತ್ತೂರು, ಶನಿವಾರ

ಪ್ರೀತಿಯ ಈಶ್ವರಿ ಅತ್ತೆ,

ನಾವು ಸುಳ್ಯದ ಕಾಲೇಜಿನಲ್ಲಿ ಕಟ್ಟಿದ ರೇಸ್ ಕಾರು ಇವತ್ತು ಇಲ್ಲಿ ಓಟಕ್ಕೆ ಮುಂಚಿನ ಪರೀಕ್ಷೆಯಲ್ಲಿ ಪಾಸಾಯಿತು. ನನ್ನನ್ನು ಒಳಗೆ ಕೂರಿಸಿ, ಬೆಲ್ಟು ಬಿಗಿದು, ಪರೀಕ್ಷಕರು ಕಾರು ನಿಂತ ಹಲಗೆಯನ್ನೇ ಗೋಡೆಗೆ ಒರಗಿಸಿದ ಏಣಿಯಂತೆ ಒಂದು ಮಗ್ಗುಲಿಗೆ ಎತ್ತಿದರು. ಒಂದು ಚಕ್ರ ಹಲಗೆಯಿಂದ ಎದ್ದರೂ, ಪೆಟ್ರೋಲ್ ತೊಟ್ಟಿಕ್ಕಿದರೂ ಓಟಕ್ಕೆ ಬಿಡುವುದಿಲ್ಲ. ಎಂಜಿನ್ ನನ್ನ ಬೆನ್ನ ಹಿಂದೆ. ಭಾರವೆಲ್ಲ ನೆಲಕ್ಕೆ ತಾಗುವಷ್ಟು ಕೆಳಗೆ ಇಟ್ಟಿದ್ದರಿಂದ ಕಾರು ಕದಲಲಿಲ್ಲ. ಬಗ್ಗಿ ನೋಡುತ್ತಿದ್ದ ಗೆಳತಿ ಟೆಸ್ಸಿ, "ಒಂದು ತೊಟ್ಟು ಸಹ ಬೀಳ್ಲಿಲ್ಲ ಮಾರಾಯ್ತಿ" ಎಂದಾಗ ನೇತಾಡುತ್ತಲೇ ನಕ್ಕುಬಿಟ್ಟೆ. ಹೆಗಲು ಸ್ವಲ್ಪ ನೋಯುತ್ತಿದೆ, ಅಷ್ಟೇ.

ನಾನು ಬರೀ ಕಾರಿನ ನಕ್ಷೆ ಬಿಡಿಸುವವಳೆಂದು ಅಪ್ಪ ತಿಳಿದಿದ್ದಾರೆ. ನಾಳೆ ಓಡಿಸುವವಳೂ ನಾನೇ. ಈ ಕಾರ್ಡು ನಿಮ್ಮ ಕೈ ಮುಟ್ಟುವಾಗ ಓಟ ಮುಗಿದಿರುತ್ತದೆ. ಅಪ್ಪನಿಗೆ ನೀವೇ ಮೆಲ್ಲಗೆ ಹೇಳಿ.

ಚಿನ್ಮಯೀ