ಎಡಕ್ಕೆ ದಾಟಿಸುವ ಬಾಟಲಿ

ಗುರುವಾರ, ಸಂಜೆ

ರೀ,

ಹೀಗೆ ಕರೆದು ಎಷ್ಟೋ ಕಾಲವಾಯಿತು. ಬೇರೆ ಹೇಗೆ ಕರೆಯಬೇಕೋ ತೋಚಲಿಲ್ಲ.

ನಮ್ಮ ಚಿನಕುರಳಿ ಹುಟ್ಟಿದ ವರ್ಷದ ದ್ರಾಕ್ಷಿಯದೆಂದು ನೀವು ಹೋಟೆಲಿನಿಂದ ತಂದ ಪೋರ್ಚುಗಲ್ಲಿನ ಪೋರ್ಟ್ ವೈನ್ ನನ್ನ ಬಳಿಯೇ ಇದೆ. ಮಗಳಿಗೆ ಇಪ್ಪತ್ತೊಂದು ತುಂಬಿದಾಗ ತೆರೆಯೋಣ ಎಂದಿದ್ದಿರಿ. ಬರುವ ಭಾನುವಾರ ತುಂಬುತ್ತಿತ್ತು. ಅವಳು ಒಂಬತ್ತನೇ ವಯಸ್ಸಿಗೇ ಹೋದಳು. ಬಾಟಲಿ ಮಾತ್ರ ನನ್ನ ಬಟ್ಟೆಯ ಕಪಾಟಿನಲ್ಲಿ ಅಡ್ಡಲಾಗಿ ಮಲಗಿತ್ತು.

ನೀವು ಹೊಸ ಸಪ್ಲೈಯರ್‌ಗಳಿಗೆ ಕಲಿಸುತ್ತಿದ್ದುದೆಲ್ಲ ನನಗೆ ಬಾಯಿಪಾಠ. ಚರಟ ತಳಕ್ಕೆ ಇಳಿಯಲೆಂದು ಇವತ್ತೇ ನೆಟ್ಟಗೆ ನಿಲ್ಲಿಸಿದ್ದೇನೆ. ಅಲುಗಾಡಿಸದೆ, ತೆಳುಬಟ್ಟೆಯಲ್ಲಿ ಸೋಸಿ ಗಾಜಿನ ಹೂಜಿಗೆ ಬಗ್ಗಿಸಬೇಕು. ಚಿಕ್ಕ ಲೋಟ ಸಾಕು. ತುಸು ತಣ್ಣಗಿರಬೇಕು, ಐಸ್ ಹಾಕಿದರೆ ನಿಮ್ಮಿಂದ ಬೈಗುಳ. ಜೊತೆಗೆ ಉಪ್ಪುಪ್ಪಾದ ಚೀಸ್, ಅಕ್ರೋಟು. ಗಟಗಟ ಕುಡಿಯದೆ ಗುಟುಕರಿಸಬೇಕು. ತೆರೆದ ಮೇಲೆ ಒಂದೆರಡು ದಿನದಲ್ಲಿ ಮುಗಿಸಬೇಕು. ಒಬ್ಬಳೇ ಕೂತು ಮುಗಿಸುವ ಧೈರ್ಯ ನನಗಿಲ್ಲ.

ದ್ರಾಕ್ಷಿರಸ ಹುದುಗು ಬರುತ್ತಿರುವಾಗಲೇ ಬ್ರಾಂದಿ ಸುರಿದು ಅದನ್ನು ನಡುವೆಯೇ ನಿಲ್ಲಿಸುತ್ತಾರೆ, ಅದಕ್ಕೇ ಅಷ್ಟು ಸಿಹಿ ಉಳಿಯುತ್ತದೆ ಎನ್ನುತ್ತಿದ್ದಿರಿ. ನಡುವೆಯೇ ನಿಂತದ್ದು ಸಿಹಿ ಎಂದು ಯಾರಾದರೂ ನಮ್ಮ ಮಗಳ ವಿಷಯಕ್ಕೆ ಹೇಳಿದರೆ ಕಪಾಳಕ್ಕೆ ಬಾರಿಸುತ್ತೇನೆ.

ಇನ್ನೊಂದು ಪಾಠವೂ ಇತ್ತಲ್ಲ. ಮೇಜಿನ ಸುತ್ತ ಪೋರ್ಟ್ ಎಡಕ್ಕೇ ದಾಟುತ್ತಾ ಹೋಗಬೇಕು. ಯಾರ ಮುಂದಾದರೂ ತಂಗಿಬಿಟ್ಟರೆ ಬಾಟಲಿ ಕೊಡಿ ಎಂದು ನೇರವಾಗಿ ಕೇಳುವುದು ಮರ್ಯಾದೆಯಲ್ಲ. ಪಕ್ಕದೂರಿನ ಪಾದ್ರಿಗಳು ಗೊತ್ತೇ ಎಂದು ಇನ್ನೇನನ್ನೋ ಕೇಳಿ ನೆನಪಿಸಬೇಕು. ನಾವು ಬಾಳಿದ್ದೂ ಹಾಗೆಯೇ. ಅವಳ ಕೊನೆಯ ಹೊತ್ತಿನಲ್ಲಿ ಆಸ್ಪತ್ರೆಯ ಕೋಣೆಯಲ್ಲಿದ್ದವರು ನೀವೊಬ್ಬರೇ. ನಾನು ಕೆಳಗೆ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಆಮೇಲೆ ನಿಮ್ಮನ್ನು ಕೇಳಿದ್ದೇನು? ಕೋಣೆಯಲ್ಲಿ ಸೆಖೆಯಿತ್ತೇ ಎಂದು. ಫ್ಯಾನ್ ತಿರುಗುತ್ತಿತ್ತು ಎಂದಿರಿ. ನೀರು ಕುಡಿದಳೇ ಎಂದೆ. ಎರಡು ಚಮಚ ಎಂದಿರಿ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿರಿ, ಪುಣ್ಯಾತ್ಮರು.

ಈಗ ಮರ್ಯಾದೆ ಬಿಟ್ಟು ಕೇಳುತ್ತಿದ್ದೇನೆ. ನಿದ್ದೆಯಲ್ಲೂ ವಟಗುಟ್ಟುತ್ತಿದ್ದ ಹುಡುಗಿ ಸುಮ್ಮನೆ ಹೋಗಿರಲಾರಳು. ಏನು ಹೇಳಿದಳು? ಅಮ್ಮ ಎಲ್ಲಿ ಎಂದಳೇ? ಭಾನುವಾರ ಬಂದು ಹೇಳಿ. ಈ ಸಂಕಟ ಇನ್ನು ನನ್ನ ಕೈಲಾಗದು.

ಕಾಗದದ ಮೇಲಾದರೂ ಇನ್ನೂ
ನಿಮ್ಮ ಹೆಂಡತಿ

ತಾ.ಕ.: ಅವಳು ನನ್ನನ್ನು ಕೇಳಲೇ ಇಲ್ಲ ಎಂದಾದರೆ, ನಾನು ನೊಂದುಕೊಳ್ಳುತ್ತೇನೆಂದು ಹೆದರಿ ಸುಳ್ಳು ಹೇಳಬೇಡಿ. ನಿಮ್ಮ ರಾತ್ರಿಪಾಳಿಗೆ ಬೇಸತ್ತು ಬಿಟ್ಟುಬಂದೆ ಎಂದು ಎಲ್ಲರಿಗೂ ಹೇಳಿದ್ದು ಬರೀ ನೆಪ. ಅವಳು ನನ್ನನ್ನು ಕೇಳಿರಲಿಲ್ಲ, ಅದಕ್ಕೇ ನೀವು ಬಾಯಿ ಬಿಡುತ್ತಿಲ್ಲ ಎಂದುಕೊಂಡೇ ನಾನು ಮನೆ ಬಿಟ್ಟದ್ದು.